ಪಂಜರದಡಿಯ ತಟ್ಟೆ

ಮುಂಬಯಿಯ ಹೋಟೆಲನ್ನು ತಮ್ಮನ ಕೈಗೊಪ್ಪಿಸಿ ಊರಿಗೆ ಮರಳುವಾಗ ನಾನು ಅಲ್ಲಿಂದ ನೆನಪಿಗೆಂದು ತಂದದ್ದು ಎರಡೇ ಎರಡು ಸ್ಟೀಲಿನ ಊಟದ ತಟ್ಟೆಗಳನ್ನು. ಅಂಚಿನಲ್ಲಿ ಹೋಟೆಲಿನ ಹೆಸರಿನ ಮೊದಲ ಅಕ್ಷರ ಕೊರೆಸಿಕೊಂಡು, ಸಾವಿರಾರು ಹೊಟ್ಟೆಗಳ ಹಸಿವು ಕಂಡು ಹೊಳಪು ಮಾಸಿದ, ಕೈಜಾರಿ ಬಿದ್ದರೆ ಪಕ್ಕದ ಮನೆಯವರು ಎದ್ದು ಬಂದು ನೋಡುವಷ್ಟು ಸದ್ದು ಮಾಡುವ ಹಳೆಯ ಕಾಲದ ದಪ್ಪ ತಟ್ಟೆಗಳು ಅವು. ಒಂದರಲ್ಲಿ ನಾನು ಉಣ್ಣುತ್ತೇನೆ. ಇನ್ನೊಂದಕ್ಕೆ ತ್ರಾಸಿಯ ವೆಲ್ಡಿಂಗ್ ಅಂಗಡಿಯಲ್ಲಿ ನೀರು ಸೋರಿಹೋಗಲೆಂದು ಸಣ್ಣ ಸಣ್ಣ ತೂತು ಕೊರೆಸಿ, ನಾಲ್ಕು ಕಡೆ ನೈಲಾನ್ ಹಗ್ಗ ಕಟ್ಟಿ, ಗಂಗೊಳ್ಳಿಯ ಹಿನ್ನೀರಿನಲ್ಲಿ ತೇಲುವ ನನ್ನ ಮೀನಿನ ಪಂಜರದ ತಳಕ್ಕೆ ಇಳಿಬಿಟ್ಟಿದ್ದೇನೆ. ಕೊರೆಯುವವನು ತಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಹೆಚ್ಚು ಕೇಳುವುದು ಬೇಡವೆಂದು ಯಂತ್ರ ಚಾಲೂ ಮಾಡಿದ.

ಇದರ ಹಿಂದಿನ ಗುಟ್ಟು ನಿಮಗೆ ಹೇಳಿಬಿಡುತ್ತೇನೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತೆರಡು ವರ್ಷ ಕೂತವನು ಕಲಿಯುವ ಪಾಠಗಳು ಎರಡೇ. ಮೊದಲನೆಯದು, ಗಿರಾಕಿಯ ಬಾಯನ್ನು ನಂಬಬಾರದು, ಅವನು ಬಿಟ್ಟೆದ್ದ ತಟ್ಟೆಯನ್ನು ನಂಬಬೇಕು. 'ಫಸ್ಟ್ ಕ್ಲಾಸ್ ಶೆಟ್ರೇ' ಎಂದು ಬೆನ್ನು ತಟ್ಟಿ ಹೋದವನ ತಟ್ಟೆಯಲ್ಲಿ ಪಲ್ಯ ಹಾಗೇ ಕುಳಿತಿರುತ್ತದೆ. ಮುಖ ಗಂಟಿಕ್ಕಿಕೊಂಡೇ ಉಂಡವನ ತಟ್ಟೆ ತೊಳೆಯುವ ಅಗತ್ಯವೇ ಇಲ್ಲದಂತೆ ಬಂದಿರುತ್ತದೆ. ಎಂಜಲು ತಟ್ಟೆ ಸುಳ್ಳು ಹೇಳುವುದಿಲ್ಲ. ಎರಡನೆಯ ಪಾಠ, ಎಂಥ ಆಪ್ತ ಗಿರಾಕಿಯಾದರೂ ಅಡುಗೆಮನೆಯ ಒಳಗೆ ಬಿಟ್ಟುಕೊಳ್ಳಬಾರದು. 'ಸೋಡಾ ಹಾಕಿಲ್ಲ ತಾನೆ?' ಎಂದು ಕೇಳಿದರೆ ನಗುತ್ತ 'ಇಲ್ಲವೇ ಇಲ್ಲ' ಎನ್ನಬೇಕು. ನಾನು ಹಾಗೆಂದದ್ದನ್ನು ಸಾಲಾಗಿ ಜೋಡಿಸಿದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಗೆ ಹಾಸಬಹುದು.

ಮೊದಲ ಪಾಠ ಮೀನಿನ ಸಾಕಣೆಗೆ ಹೇಳಿ ಮಾಡಿಸಿದಂತಿದೆ. ಪಂಜರವೆಂದರೆ ಬೇರೇನಲ್ಲ, ಡ್ರಮ್ಮುಗಳ ಮೇಲೆ ತೇಲುವ ಕಬ್ಬಿಣದ ಚೌಕಟ್ಟು, ಅದಕ್ಕೆ ಜೋತುಬಿದ್ದ ಬಲೆಯ ಚೀಲ, ಅದರೊಳಗೆ ಸೀಬಾಸ್ ಎಂಬ ಪೇಟೆಯ ಹೆಸರು ಹೊತ್ತ ನಮ್ಮ ಹೊಳೆಬಾಯಿಯದೇ ಮೀನಿನ ಮರಿಗಳು. ಅಂಗಡಿಯಿಂದ ತಂದ ಕಾಳಿನಂಥ ಆಹಾರವನ್ನು ಎರಚಿದರೆ ಅವು ಮುಗಿಬಿದ್ದು ನುಂಗುತ್ತವೆ; ನುಂಗದೆ ಬಿಟ್ಟದ್ದು ಮೆಲ್ಲಗೆ ಮುಳುಗಿ ನನ್ನ ತಟ್ಟೆಗೆ ಬಂದು ಬೀಳುತ್ತದೆ. ಹೊತ್ತು ನೋಡಿ ಹಗ್ಗ ಎಳೆದು ತಟ್ಟೆಯನ್ನು ಮೇಲೆತ್ತಿದರೆ ಗಿರಾಕಿಗಳ ಅಭಿಪ್ರಾಯ ಕೈಯಲ್ಲಿರುತ್ತದೆ. ಮೀನು ಸದಾ ಬಾಯಿ ಬಿಡುತ್ತಲೇ ಇರುವ ಪ್ರಾಣಿಯಾದರೂ ತನ್ನ ಆರೋಗ್ಯದ ಕುರಿತು ಒಂದಕ್ಷರ ಬಾಯಿಬಿಡುವುದಿಲ್ಲವಾದ್ದರಿಂದ ನನಗೆ ಬೇರೆ ದಾರಿಯೂ ಇರಲಿಲ್ಲ.

ಆದರೆ ಹೋಟೆಲಿನವನ ಕೈ ಸುಮ್ಮನಿರಬೇಕಲ್ಲ. ಆ ಕಂದು ಬಣ್ಣದ ಕಾಳನ್ನು ಮೊದಲ ಸಲ ಮೂಸಿದಾಗಲೇ ನನಗೆ ಕನಿಕರ ಉಕ್ಕಿ ಬಂತು. ಹುಟ್ಟಿದಂದಿನಿಂದ ಹಿಡಿಯುವವರೆಗೆ ಒಂದೇ ಊಟ, ಒಂದೇ ರುಚಿ, ಉಪ್ಪಿನಕಾಯಿಗೂ ಗತಿಯಿಲ್ಲ. ಅಕ್ಕನ ಮಗಳು ಅಶ್ವಿನಿ ಮೀನುಗಾರಿಕೆ ಓದಿದವಳು, ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: ಕಾಳಿಗೆ ಚಿಟಿಕೆ ಅರಿಸಿನ, ಒಂದಿಷ್ಟು ಬೆಳ್ಳುಳ್ಳಿ ರಸ, ಮೈಗೆ ಕಸುವು ಕೊಡುವ ವಿಟಮಿನ್ ಪುಡಿ, ನಮಗೆ ಮಜ್ಜಿಗೆ ಇದ್ದ ಹಾಗೆ ಕರುಳಿಗೆ ಒಳ್ಳೆಯದಾಗುವ ಸೂಕ್ಷ್ಮಜೀವಿಗಳ ಪುಡಿ, ಇವನ್ನೆಲ್ಲ ಅಳತೆ ನೋಡಿ ಬೆರೆಸಬಹುದು, ನೀರಿನಲ್ಲಿ ಕರಗಿಹೋಗದಂತೆ ಮೊಟ್ಟೆಯ ಬಿಳಿಯಲ್ಲಿ ಹೊರಳಿಸಿ ನೆರಳಲ್ಲಿ ಆರಿಸಬೇಕು. ಅವಳು ಒತ್ತಿ ಹೇಳಿದ 'ಅಳತೆ' ಎಂಬ ಮಾತು ಮಾತ್ರ ನನ್ನ ಕಿವಿಯವರೆಗೆ ಬಂದು ಅಲ್ಲಿಂದಲೇ ಹಿಂದೆ ಹೋಯಿತು. ಚಿಟಿಕೆ ಮುಷ್ಟಿಯಾಯಿತು. ಬೆಳ್ಳುಳ್ಳಿಯ ಜೊತೆಗೆ ಶುಂಠಿ ಬಂತು, ಶುಂಠಿಯನ್ನು ಒಂಟಿ ಮಾಡಬಾರದೆಂದು ಮೆಂತ್ಯ ಬಂತು. ಜಗಲಿಯ ಮೇಲೆ ಹರವಿದ ಕಾಳಿನ ಘಮಕ್ಕೆ ಹೊರಬಂದ ನನ್ನ ಹೆಂಡತಿ ಸುಮತಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಎಂತ, ಮೀನಿಗ್ ಜೀವ ಇಪ್ಪತಿಗೇ ಮಸಾಲಿ ಹಾಕ್ತ್ರ್ಯಾ?" ಎಂದಳು.

ಮರುದಿನ ತಟ್ಟೆ ಎತ್ತಿದೆ. ಬಡಿಸಿದ್ದು ಬಡಿಸಿದ ಹಾಗೆ ತುಂಬಿಕೊಂಡು ಬಂದಿತ್ತು. ನನ್ನ ಜೀವಮಾನದಲ್ಲೇ ಅಂಥ ತಟ್ಟೆ ಕಂಡಿರಲಿಲ್ಲ, ಮುಖಕ್ಕೆ ಹೊಡೆದಂತಾಯಿತು. ಮಸಾಲೆಯನ್ನು ದಿನದಿನಕ್ಕೆ ಇಳಿಸುತ್ತ, ಶುಂಠಿ ಮೆಂತ್ಯಗಳನ್ನು ಅಡುಗೆಮನೆಗೆ ವಾಪಸು ಕಳುಹಿಸುತ್ತ, ಕೊನೆಗೆ ಅಶ್ವಿನಿ ಹೇಳಿದ್ದ ಚಿಟಿಕೆಗೇ ಬಂದು ನಿಂತಾಗ ತಟ್ಟೆ ಬರಿದಾಗತೊಡಗಿತು, ಮೀನುಗಳ ಮೈ ಬೆಳ್ಳಿಯಂತೆ ಮಿಂಚತೊಡಗಿತು. ಯೋಚಿಸಿದರೆ ವಿಚಿತ್ರವೆನಿಸುತ್ತದೆ. ನಮ್ಮ ಪ್ರೀತಿಯೆಲ್ಲ ಸಾಮಾನ್ಯವಾಗಿ ಕೈ ಮುಂದಾಗಿಯೇ ಬರುತ್ತದೆ. ಬೇಡವೆಂದರೂ ಇನ್ನೊಂದು ಸೌಟು ಹಾಕಿದರೆ ಮಾತ್ರ ಉಪಚಾರವೆಂದು ನಂಬಿದವರು ನಾವು. ಎದುರಿನ ಹೊಟ್ಟೆಗೆ ತನ್ನದೇ ಒಂದು ಅಳತೆಯಿದೆಯೆಂದು ನನಗೆ ಕಲಿಸಲು, ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು' ಎನ್ನಲೂ ಬಾರದ ಮೀನುಗಳು ಬೇಕಾದವು.

ಈಗ ಗುಲಾಬಕ್ಕನ ವಿಷಯ ಹೇಳಬೇಕು. ನನ್ನ ತಾಯಿಯ ಕಾಲದಿಂದ ನಮ್ಮ ಮನೆಗೆ ಮೀನು ತರುವವಳು ಅವಳು. ಅರವತ್ತು ದಾಟಿದರೂ ತಲೆಯ ಮೇಲೆ ಬುಟ್ಟಿ ಹೊತ್ತು, ಬಂದರಿನಿಂದ ಹೊರಟರೆ ಹತ್ತಿರ ಹತ್ತಿರ ಮೂವತ್ತು ಮನೆಗಳ ಅಡುಗೆಗೆ ಅವಳೇ ಆಧಾರ. ದೋಣಿಗಳು ಕಡಲಿಗಿಳಿಯದ ಮಳೆಗಾಲದ ಎರಡು ತಿಂಗಳು ಮಾತ್ರ ಅವಳಿಗೆ ಕಷ್ಟ. ಹಿಂದಿನ ವರ್ಷ ಆ ದಿನಗಳಲ್ಲಿ, ಎಲ್ಲಿಂದಲೋ ಮಂಜುಗಡ್ಡೆಯಲ್ಲಿ ಬಂದ ಮೀನನ್ನು ಒಲ್ಲದ ಮನಸ್ಸಿನಿಂದ ಮಾರಿದ್ದಳು. ಒಂದು ಮನೆಯಲ್ಲಿ ಎಲ್ಲರ ಹೊಟ್ಟೆ ಕೆಟ್ಟಿತು. ಆ ಮನೆಯವರು ಬೈಯಲೂ ಇಲ್ಲ, ಮತ್ತೆ ಅವಳಿಗೆ ಗೇಟಿನ ಚಿಲಕ ತೆಗೆಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಎಷ್ಟೋ ಸಲ ಹೇಳಿಕೊಂಡದ್ದುಂಟು. ಹಾಗಾಗಿ ನನ್ನ ಪಂಜರ ಕಂಡಾಗ ಅವಳೇ ಮಾತೆತ್ತಿದಳು. "ಮಳ್ಗಾಲಕ್ಕೆ ನಿಮ್ಮ್ ಮೀನ್ ನಾನ್ ಮಾರ್ತೆ ಶೆಟ್ರೆ. ಆರೆ ಅದ್ ಎಂತ ತಿಂದ್ ಬೆಳೀತ್ ಅಂದೇಳಿ ನಂಗ್ ಹೇಳ್ಕ್. ಮೂವತ್ತ್ ಮನೆಯರಿಗೆ ನಾನ್ ಉತ್ರ ಕೊಡುದಲ್ದಾ?" ನಾನು ಧಾರಾಳವಾಗಿ ಒಪ್ಪಿಕೊಂಡೆ. ಆಗ ಹೇಳುವುದಕ್ಕೆ ಅರಿಸಿನ ಬೆಳ್ಳುಳ್ಳಿಗಳಷ್ಟೇ ಇದ್ದವು.

ಮೇ ತಿಂಗಳ ಬೇಗೆಯಲ್ಲಿ ಒಂದು ಬೆಳಿಗ್ಗೆ ತಟ್ಟೆ ಮತ್ತೆ ತುಂಬಿಕೊಂಡು ಬಂತು. ಈ ಸಲ ಮಸಾಲೆಯ ತಪ್ಪಿರಲಿಲ್ಲ. ಬಗ್ಗಿ ನೋಡಿದರೆ ಮೀನುಗಳು ಬಲೆಯ ಮೂಲೆಯಲ್ಲಿ ಮಂಕಾಗಿ ನಿಂತಿದ್ದವು, ಕೆಲವುಗಳ ಮೈಮೇಲೆ ಕೆಂಪು ಕಲೆ, ರೆಕ್ಕೆಯ ಅಂಚು ಹರಿದಿತ್ತು. ಮೂರನೆಯ ದಿನ ಐದಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಗಾಬರಿಬಿದ್ದು ಪೇಟೆಗೆ ಓಡಿದೆ. ಆಹಾರ ಮಾರುವ ಅಂಗಡಿಯವನು ಒಂದು ಪೊಟ್ಟಣ ಕೊಟ್ಟು, ಕಾಳಿಗೆ ಬೆರೆಸಿ ಒಂದು ವಾರ ಹಾಕಿ, ಎಲ್ಲ ಸರಿಯಾಗುತ್ತದೆ ಎಂದ. ಹಾಕಿದೆ. ಅದೇ ವಾರ, ಪಾಚಿ ಮೃದ್ವಂಗಿಗಳೆಲ್ಲ ಹತ್ತಿಕೊಂಡು ನೀರೇ ಆಡದಂತಾಗಿದ್ದ ಬಲೆಯನ್ನು ಬದಲಾಯಿಸಿದೆ, ಇನ್ನೊಂದು ಪಂಜರ ಕಟ್ಟಿಸಿ ಕಿಕ್ಕಿರಿದಿದ್ದ ಮೀನುಗಳನ್ನು ಎರಡಕ್ಕೂ ಹಂಚಿದೆ. ಮೀನುಗಳು ಚೇತರಿಸಿಕೊಂಡವು, ತಟ್ಟೆ ಬರಿದಾಯಿತು, ನಾನು ಹೆಮ್ಮೆಯಿಂದ ಅಶ್ವಿನಿಗೆ ಫೋನು ಮಾಡಿದೆ. ಅವಳು ಪೊಟ್ಟಣದ ಮೇಲಿನ ಹೆಸರು ಓದಿಸಿ, "ಮಾವ, ಎಲ್ಲಾ ಒಟ್ಟಿಗೇ ಮಾಡಿರೆ ಗುಣ ಆದ್ದ್ ಯಾವ್ದ್ರಿಂದ ಅಂತ ಹ್ಯಾಂಗ್ ಗೊತ್ತಾಪುದ್? ಮದ್ದೇ ಬ್ಯಾಡಿತ್ತೋ ಏನೋ!" ಎಂದಳು. ಅದು ಮನುಷ್ಯರಿಗೂ ಕೊಡುವಂಥ ಮದ್ದಂತೆ, ಪರೀಕ್ಷೆ ಮಾಡಿಸದೆ ಹಾಕಬಾರದಂತೆ. ಹಾಕಿದ ಮೇಲೆ ಅದು ಮೀನಿನ ಮೈಯಿಂದ ಇಳಿದುಹೋಗಲು ಒಂದು ತಿಂಗಳಾದರೂ ಬಿಡಬೇಕು, ಅಲ್ಲಿಯವರೆಗೆ ಒಂದು ಮೀನನ್ನೂ ಮಾರಕೂಡದೆಂದು ಕಟ್ಟುನಿಟ್ಟಾಗಿ ಹೇಳಿದಳು.

ತಿಂಗಳು ಮುಗಿಯಲು ಇನ್ನೂ ಹದಿನೆಂಟು ದಿನ ಇರುವಾಗ ಮಳೆ ಹಿಡಿಯಿತು, ದೋಣಿಗಳು ದಡ ಸೇರಿದವು, ಗುಲಾಬಕ್ಕ ಖಾಲಿ ಬುಟ್ಟಿಯೊಂದಿಗೆ ನಮ್ಮ ಅಂಗಳಕ್ಕೆ ಬಂದಳು. "ಹ್ವಾಯ್ ಶೆಟ್ರೆ, ಮೀನ್ ತೆಗಿತ್ರ್ಯಾ? ಆ ಗೇಟಿನ್ ಮನೆಯರ್ ಇವತ್ತ್ ಅವ್ರಾಗೇ ಕರ್ದ್ ಮಾತಾಡ್ಸಿರ್. ಮಗ್ಳ್ ಬಾಣಂತಿ ಅಂಬ್ರ್." ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಮುಚ್ಚಿದ್ದ ಗೇಟು ಒಂದು ವರ್ಷದ ಮೇಲೆ ತೆರೆದಿತ್ತು. ಅವಳು ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ತೀರ ಸಾಧಾರಣವಾಗಿ ಕೇಳಿದಳು. "ಈ ಮೀನ್ ಬಾಣಂತಿಗ್ ಕೊಡ್ಲಕ್ಕಾ?"

ಅವಳ ವ್ಯಾಪಾರದ ಪರೀಕ್ಷೆ ಅದೊಂದೇ. ಕಿವಿರು ಕೆಂಪಗಿದೆಯೇ, ಕಣ್ಣು ತಿಳಿಯಾಗಿದೆಯೇ ಎಂಬುದೆಲ್ಲ ನಮ್ಮಂಥವರು ನೋಡುವುದು. ಬಾಣಂತಿಗೆ ಕೊಡಬಹುದಾದ ಮೀನು ಯಾರಿಗೂ ಕೊಡಬಹುದಾದ ಮೀನು.

'ಧಾರಾಳವಾಗಿ ಕೊಡಬಹುದು' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತೆಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ. ಮೂವತ್ತೆರಡು ವರ್ಷದ ಅಭ್ಯಾಸ ಅದು, ನಗುವಿನ ಸಮೇತ ತಯಾರಾಗಿತ್ತು. ಮೀನುಗಳು ಹೊಳೆಯುತ್ತಿದ್ದವು, ತಟ್ಟೆ ಬರಿದಾಗಿತ್ತು, ಹೊರಗಿನಿಂದ ನೋಡಿದರೆ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ನನ್ನ ಮೊದಲ ಪಾಠ ಕೈಕೊಟ್ಟ ಗಳಿಗೆಯೂ ಅದೇ. ಬರಿದಾದ ತಟ್ಟೆ ಉಂಡವರ ಖುಷಿಯನ್ನು ಹೇಳುತ್ತದೆಯೇ ಹೊರತು ಅವರ ಹೊಟ್ಟೆಗೆ ಏನು ಹೋಯಿತೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ಬಡಿಸಿದವನು. ಆ ತೆರೆದ ಗೇಟು ಕಣ್ಣ ಮುಂದೆ ಬಂತು. ಮತ್ತೆ ಅದು ಮುಚ್ಚಿದರೆ ನನ್ನಿಂದ ಮುಚ್ಚಿತೆಂದು ಯಾರಿಗೂ ಗೊತ್ತಾಗದು, ಮುಚ್ಚುವುದು ಅವಳ ಮುಖದ ಮೇಲೆ. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

"ಬ್ಯಾಡ ಗುಲಾಬಕ್ಕ" ಎಂದೆ. ಪೊಟ್ಟಣದ ಕಥೆಯನ್ನು ಪೂರ್ತಿ ಹೇಳಿದೆ. ಗಾಬರಿಯಿಂದ ಕೇಳದೆ ಹಾಕಿದ್ದನ್ನು, ಹಾಕದಿದ್ದರೂ ನಡೆಯುತ್ತಿತ್ತೇನೋ ಎಂಬುದನ್ನು ಕೂಡ. ಅವಳು ಬೈಯಲಿಲ್ಲ. ಬೈಯದಿದ್ದರೆ ಎಷ್ಟು ಕಷ್ಟವೆಂದು ಅವಳೇ ಹೇಳಿದ್ದು ನೆನಪಾಯಿತು. "ಇನ್ನ್ ಎಷ್ಟ್ ದಿನ ಕಾಯ್ಕ್?" ಎಂದಳು. ಹೇಳಿದೆ. "ಆಯ್ತ್, ಬತ್ತೆ" ಎಂದು ಖಾಲಿ ಬುಟ್ಟಿಯನ್ನೇ ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ಇಳಿದು ಹೋದಳು.

ಆ ಹದಿನೆಂಟು ದಿನ ಅವಳು ಒಣಮೀನು ಮಾರಿಕೊಂಡಿದ್ದಳೆಂದು ಸುಮತಿ ಹೇಳಿದಳು. ಬೇರೆ ಕಡೆಯವರು ಪಂಜರದ ಮೀನನ್ನು ಕೇಳಿಕೊಂಡು ನಮ್ಮ ಮನೆಗೆ ಬಂದರು, ಕೊಡಲಿಲ್ಲ. ನಾನು ದಿನಾ ತಟ್ಟೆ ಇಳಿಸಿದೆ, ಎತ್ತಿದೆ. ಖಾಲಿ ಬಂದರೂ ಮೊದಲಿನ ಸಂಭ್ರಮವಿರಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂಬುದೇ ಚಿಂತೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಬಂದಳು. ಒಂದು ಮೀನು ತೆಗೆಸಿ, ತಾನೇ ಕೂತು ಹೆಚ್ಚಿ, ಕರುಳನ್ನು ಬೆರಳಲ್ಲಿ ಹರವಿ ನೋಡಿ, ಸುಮತಿಯ ಕೈಗೆ ಕೊಟ್ಟು ಸಾರು ಮಾಡಲು ಹೇಳಿದಳು. "ಮೊದ್ಲ್ ನಾನ್ ಉಂತೆ, ಮತ್ತೆ ಬುಟ್ಟಿಗ್ ಹಾಕುದ್." ನಾನು ಉಣ್ಣುವ ತಟ್ಟೆಯಲ್ಲೇ, ಮುಂಬಯಿಯ ಆ ದಪ್ಪ ತಟ್ಟೆಯಲ್ಲೇ, ಬಿಸಿ ಕುಚ್ಚಲಕ್ಕಿ ಅನ್ನ ಬಡಿಸಿ ಜಗಲಿಯಲ್ಲಿ ಕೂರಿಸಿದೆವು. ಅವಳು ನಿಧಾನವಾಗಿ ಉಂಡಳು. ಉಂಡಾದ ಮೇಲೆ ತಟ್ಟೆ ತೊಳೆಯಲು ಬಾವಿಕಟ್ಟೆಯ ಕಡೆಗೆ ಎದ್ದವಳನ್ನು ತಡೆದು, ಅಲ್ಲೇ ಇಡು ಎಂದು ಒತ್ತಾಯ ಮಾಡಿದೆ. ಅವಳು ಅದನ್ನು ಮರ್ಯಾದೆಯೆಂದುಕೊಂಡಳು. ನನ್ನ ಚಪಲ ನಿಮಗೆ ಗೊತ್ತಲ್ಲ.

ಮೀನು ಏನು ತಿಂದಿತ್ತೋ ಎಂಬ ಸಂಶಯವಿದ್ದವರು ಮೊದಲು ಬದಿಗಿಡುವುದು ಹೊಟ್ಟೆಯ ತುಂಡನ್ನು. ನಾನು ನೋಡಿದ್ದೂ ಅದನ್ನೇ. ಹೊಟ್ಟೆಯ ತುಂಡಿನ ಮುಳ್ಳುಗಳು ತಟ್ಟೆಯಂಚಿನ ಆ ಅಕ್ಷರದ ಪಕ್ಕದಲ್ಲಿ ಬೆಳ್ಳಗೆ ಒತ್ತಾಗಿ ಕೂತಿದ್ದವು, ಒಂದು ಚೂರು ಮಾಂಸ ಉಳಿದಿರಲಿಲ್ಲ.

ಅಷ್ಟರಲ್ಲಿ ಅವಳು ತುಂಬಿದ ಬುಟ್ಟಿ ಹೊತ್ತು ದಾರಿಗಿಳಿದಾಗಿತ್ತು. ಪಕ್ಕದ ಮನೆಯ ಹೆಂಗಸು ಅವಳನ್ನು ಬೇಲಿಯ ಬಳಿ ನಿಲ್ಲಿಸಿ, ಪಂಜರದ ಮೀನಿಗೆ ಎಂತೆಂತದೋ ಹಾಕುತ್ತಾರಂತಲ್ಲ ಎಂದು ಕೇಳಿದ್ದು ಜಗಲಿಗೇ ಕೇಳಿಸಿತು. "ಹೌದ್ ಮರಾಯ್ತಿ" ಎಂದಳು ಗುಲಾಬಕ್ಕ, ದನಿ ತಗ್ಗಿಸುವ ಗೋಜಿಗೂ ಹೋಗದೆ. "ಅರ್ಶಿನ ಹಾಕ್ತ್ರ್, ಬೆಳ್ಳುಳ್ಳಿ ಹಾಕ್ತ್ರ್. ನಡೂಗ್ ಸೀಕ್ ಬಂದಿತ್ತ್, ಮದ್ದೂ ಹಾಕಿದ್ರ್. ಅದ್ ಇಳುಕೆ ಅಂದೇಳಿ ಒಂದ್ ತಿಂಗ್ಳ್ ಕಾದ್ರ್. ನಾನೂ ಕಾದೆ. ಈಗಳ್ ಉಂಡ್ಕಂಡೇ ಬಂದೆ. ತಕಂತ್ಯಾ? ಬಾಣಂತಿ ಮನಿಗ್ ಹೋಯ್ಕ್, ಬೇಗ ಹೇಳ್."

ನಾನು ಮೂವತ್ತೆರಡು ವರ್ಷ ಬಾಗಿಲು ಮುಚ್ಚಿಟ್ಟುಕೊಂಡು ಕಾಪಾಡಿದ ಅಡುಗೆಮನೆಯನ್ನು ಅವಳು ನಡುದಾರಿಯಲ್ಲಿ ಹರವಿಟ್ಟಿದ್ದಳು, ಮತ್ತು ಬೇಲಿಯಾಚೆಗಿನ ಹೆಂಗಸು ಪಾತ್ರೆ ತರಲು ಒಳಗೆ ಹೋಗಿದ್ದಳು. ಸುಮತಿ ತಟ್ಟೆ ತೊಳೆಯಲೆಂದು ಬಂದು ಕೈಚಾಚಿದಳು. ಇನ್ನೊಂದು ಗಳಿಗೆ ಇರಲಿ ಎಂದೆ.