ಫೋಟೋಕ್ಕೊಂದು ಸೆರಗು

ವಿಜಾಪುರದಾಗ ನಾ ತಗದ ಫೋಟೋ ಮೊದಲನೇ ಸಲ ಪ್ರದರ್ಶನಕ್ಕ ಇಟ್ಟಿದ್ದರು. ಮಮದಾಪುರದ ಕೆರಿ ದಂಡ್ಯಾಗ ಗಾಳಿಗೆ ತಲೀಮ್ಯಾಲಿನ ಸೆರಗು ಜಾರಿ, ನಕ್ಕೋತ ನಿಂತ ಹೆಣ್ಮಗಳ ಚಿತ್ರ ಅದು. ಸಂತಿಗೆ ಬಂದಿದ್ದ ಅಕಿ ಅತ್ತಿ ಒಳಗ ಹಣಿಕಿ ಹಾಕಿದಾಕಿ, ಸೀದಾ ಬಂದು ಫೋಟೋಕ್ಕ ಬೆನ್ನು ಹಚ್ಚಿ ನಿಂತುಬಿಟ್ಟಳು.

"ತುಸು ಸರೀಬೇ ಯವ್ವಾ, ಮಂದಿ ನೋಡಬೇಕು," ಅಂದೆ.

"ಅದಕ್ಕ ನಿಂತೀನಿ. ನಮ್ಮ ಸೊಸಿ ಬರೇ ತಲೀಲೆ ನಾಕ ಮಂದ್ಯಾಗ ನಿಲ್ಲಂಗಿಲ್ಲ."

ಬಹುಮಾನ ಕೊಡೋ ಹಿರಿಯರು ಬರೋ ಹೊತ್ತಾಗಿತ್ತು. ಕಿಸೇದಾಗಿನ ಕರವಸ್ತ್ರ ತಗದು ಫೋಟೋದ ತಲೀಮ್ಯಾಲಿಂದ ಮಾರಿ ಮುಚ್ಚೂವಂಗ ಇಳಿಬಿಟ್ಟೆ. ಆಗ ಸರಿದಳು.

ಅಲ್ಲೀತನಕ ಸುಮ್ನ ದಾಟಿ ಹೋಗತಿದ್ದ ಮಂದಿ ಈಗ ಕರವಸ್ತ್ರ ಎತ್ತಿ ಎತ್ತಿ ನೋಡಾಕ ಹತ್ತಿದರು. ಕಡೀಕ ಅತ್ತೀನೂ ಎತ್ತಿ ನೋಡಿದಳು.

"ಅಕಿ ಹಲ್ಲ ಇಷ್ಟ ಚಂದ ಅದಾವಂತ ಗೊತ್ತಿರಲಿಲ್ಲ ನೋಡಪಾ. ಮನ್ಯಾಗ ನಗಂಗಿಲ್ಲ ಅಕಿ."