ಗಿರಣಿ ಬಿಡಿಸುವ ಅಧಿಕಾರ

ಮೊನ್ನೆ ಫ್ಯಾನು ಒರೆಸಲು ಸ್ಟೂಲು ಹತ್ತಿದೆ. ರೆಕ್ಕೆಯ ಮೇಲಿಂದ ಒಂದಿಷ್ಟು ಬೂದು ಪುಡಿ ನೇರ ಮೂಗಿಗೇ ಇಳಿಯಿತು. ಧೂಳಲ್ಲ, ಹಳೇ ರಾಗಿಹಿಟ್ಟು, ವಾಸನೆಯಿಂದ ಗೊತ್ತಾಯಿತು. ಜಕ್ಕೂರಿನ ಹಳೇ ಊರಿನಲ್ಲಿ ನಾನು ಮಕ್ಕಳಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುವ ಈ ಕೋಣೆ ಹಿಂದೆ ಹಿಟ್ಟಿನ ಗಿರಣಿಯಾಗಿತ್ತು. ಇದಕ್ಕಾಗಿ ಚಿಕ್ಕಪ್ಪನ ಜೊತೆ ಮಾಡಿದಷ್ಟು ವಾದವನ್ನು ನಾನು ಯಾವ ಕಾಲೇಜಿನ ವೇದಿಕೆಯಲ್ಲೂ ಮಾಡಿಲ್ಲ. ಟ್ರೋಫಿ ಬಂದದ್ದು ಮಾತ್ರ ಅಲ್ಲಿ.

ಅಪ್ಪ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ವಿಲ್ಲಿನಲ್ಲಿ ಇದ್ದದ್ದು ಇಷ್ಟು: ಮನೆಯ ಹಿಂಭಾಗ ಅಮ್ಮನಿಗೂ ನನಗೂ ಇರಲು; ಮುಂದಿನ ಗಿರಣಿ ಕೋಣೆಯ ಬಾಡಿಗೆ ನನ್ನ ಓದಿಗೆ; ನನಗೆ ಇಪ್ಪತ್ತೈದು ತುಂಬುವವರೆಗೆ ಚಿಕ್ಕಪ್ಪನೇ ಟ್ರಸ್ಟಿ. ಮಾರುವ ಹಾಗಿಲ್ಲ. ಬಾಡಿಗೆಯವರನ್ನು ಇಟ್ಟುಕೊಳ್ಳುವುದು, ಬಿಡಿಸುವುದು ಅವರ ವಿವೇಚನೆಗೆ ಬಿಟ್ಟದ್ದು. ತಮ್ಮನ ವಿಷಯದಲ್ಲಿ ಅಪ್ಪ ‘ವಿವೇಚನೆ’ ಎಂಬ ಪದ ಬಳಸಿದ್ದು ನನಗೆ ಆಗಲೇ ಅನುಮಾನ ತಂದಿತ್ತು.

ಚಿಕ್ಕಪ್ಪ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರಿ. ನಸುಕಿಗೆ ಹೋಗಿ, ಮಧ್ಯಾಹ್ನ ಬಂದು, ಉಂಡು ಮಲಗುವವರು. ಅವರ ಮನೆಗೂ ಗಿರಣಿಗೂ ಒಂದೇ ಗೋಡೆ. ನಾನೋ, ಡಿಗ್ರಿ ಮುಗಿದಾಗಿನಿಂದ ತರಗತಿ ನಡೆಸಲು ಆ ಕೋಣೆಯೇ ಬೇಕೆಂದು ಹಟ ಹಿಡಿದವಳು. ಹೊರಗೆ ಜಾಗ ಹಿಡಿಯುವ ಶಕ್ತಿ ಇರಲಿಲ್ಲ. ಇದು ಸಿಗದಿದ್ದರೆ ಯಾವುದೋ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಅದು ನನ್ನಿಂದಾಗುವ ಕೆಲಸವಲ್ಲ.

“ಚಿಕ್ಕಪ್ಪ, ನೀವು ಮಾಲೀಕರಲ್ಲ, ಟ್ರಸ್ಟಿ. ಅಧಿಕಾರ ಕೊಟ್ಟಿರೋದು ನನ್ನ ಒಳ್ಳೇದಕ್ಕೆ. ನನ್ನ ಒಳ್ಳೇದು ಏನಂತ ನಾನೇ ಹೇಳ್ತಿದೀನಿ.”

“ಸರಿಯಾಗೇ ಏಳ್ದೆ ಕಣವ್ವ.”

“ಹಾಗಾದ್ರೆ ಗಿರಣಿ ಬಿಡಿಸಿ.”

“ಆಗಲ್ಲ.”

“ಕಾರಣ?”

“ಐತೆ.” ಟವೆಲು ಕೊಡವಿ ಎದ್ದು ಹೋಗುವರು.

ನೀವೇ ಹೇಳಿ, ಎಲ್ಲವನ್ನೂ ಒಪ್ಪಿಕೊಂಡು ಜಗ್ಗದೆ ಕೂತ ಎದುರಾಳಿಯನ್ನು ಏನು ಮಾಡುವುದು? ಖಂಡಿಸಬೇಕಾದರೆ ಎದುರಿನವರು ಏನಾದರೂ ಹೇಳಿರಬೇಕಲ್ಲ. ಗಿರಣಿಯವನು ಇವರಿಗೆ ಪುಕ್ಕಟೆ ಬೀಸಿಕೊಡುತ್ತಿರಬೇಕು ಎಂದು ನಾನೊಂದು ಸಿದ್ಧಾಂತ ಕಟ್ಟಿ ಅಮ್ಮನ ಮುಂದೆ ಮಂಡಿಸಿದೆ. “ಅವ್ರು ರಾಗಿ ಬೀಸಿಸೋದು ಅಮೃತಹಳ್ಳೀಲಿ ಕಣೇ” ಎಂದು ಅಮ್ಮ ಅದನ್ನು ಅಲ್ಲಿಗೇ ಮುಗಿಸಿದಳು. ಪಕ್ಕದಲ್ಲೇ ಗಿರಣಿಯಿರುವಾಗ ಅಷ್ಟು ದೂರ ಏಕೆ ಹೋಗುತ್ತಾರೆ ಎಂಬ ಪ್ರಶ್ನೆ, ಎಲ್ಲರನ್ನೂ ಪ್ರಶ್ನಿಸುವ ನನಗೆ ಹೊಳೆಯಲಿಲ್ಲ.

ಇಪ್ಪತ್ತೈದು ತುಂಬಿದ ಬೆಳಿಗ್ಗೆ ಚಿಕ್ಕಪ್ಪ ಮಂಡಿಗೆ ಹೋಗದೆ ನಮ್ಮ ಬಾಗಿಲಿಗೆ ಬಂದರು. ಕಾಗದಪತ್ರ, ಕೀಲಿ ನನ್ನ ಕೈಗಿಟ್ಟರು. ನಾನು ಕೇಳಿರಲಿಲ್ಲ, ಕೇಳುವ ನೋಟಿಸನ್ನು ಮಾತ್ರ ಸಿದ್ಧ ಮಾಡಿಟ್ಟಿದ್ದೆ.

“ಇವತ್ತಿಂದ ನಾನು ಬರೀ ಚಿಕ್ಕಪ್ಪ. ಈಗ ಒಂದ್ ಮಾತ್ ಏಳ್ತೀನಿ. ಮೊದ್ಲು ಆ ಗಿರಣಿ ಬಿಡ್ಸವ್ವ. ವರ್ಸಗಟ್ಲೆ ಆಯ್ತು, ಮಧ್ಯಾಹ್ನ ಕಣ್ಣು ಮುಚ್ಚಿಲ್ಲ.”

“ನೀವೇ ಬಿಡಿಸಬಹುದಿತ್ತಲ್ಲ?”

“ಎಂಗೆ ಬಿಡ್ಸಲಿ? ನಿಂಗೋಸ್ಕರ ಬಿಡಿಸ್ತಿದೀನೋ, ನನ್ನ ನಿದ್ದೆಗೋಸ್ಕರಾನೋ, ನಂಗೇ ಗೊತ್ತಾಗ್ತಿರ್ಲಿಲ್ಲ. ಅಣ್ಣ ಅಧಿಕಾರ ಕೊಟ್ಟಿದ್ದು ನನ್ನ ನಿದ್ದೆಗಲ್ಲ.”

ಟ್ರಸ್ಟಿ ತನ್ನ ಲಾಭಕ್ಕೆ ಅಧಿಕಾರ ಬಳಸಬಾರದು ಎಂಬ ನಿಯಮವನ್ನು ನಾನೇ ಅವರ ಮುಖಕ್ಕೆ ಎಷ್ಟೋ ಸಲ ಓದಿದ್ದೆ. ರಾಗಿ ಅಮೃತಹಳ್ಳಿಗೆ ಹೋಗುತ್ತಿದ್ದದ್ದೂ ಅದಕ್ಕೇ. ಇಬ್ಬರಿಗೂ ನಷ್ಟವಾಗುವಷ್ಟು ಪ್ರಾಮಾಣಿಕವಾಗಿ ಅದನ್ನು ಪಾಲಿಸಬಹುದೆಂದು ಯಾರಿಗೆ ಗೊತ್ತಿತ್ತು? ಅವರು ಮಾಡಿದ್ದು ತಪ್ಪೆಂದು ಈಗಲೂ ವಾದಿಸಬಲ್ಲೆ, ಗೆಲ್ಲಲೂಬಲ್ಲೆ.

ಗಿರಣಿಯವನು ಕೇಳಿದಷ್ಟು ಸಮಯ ಪಡೆದು ಮುಖ್ಯರಸ್ತೆಗೆ ಹೋದ. ಅಲ್ಲಿ ಅವನಿಗೆ ಗಿರಾಕಿ ಹೆಚ್ಚು. ಆಮೇಲೆ ದಿನಾ ಮಧ್ಯಾಹ್ನ ಇಲ್ಲಿ ಮಕ್ಕಳು ಮೊಬೈಲು ವರವೋ ಶಾಪವೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮೊನ್ನೆ ನಾನು ಹಿಟ್ಟು ಕೊಡವಿಕೊಳ್ಳುತ್ತಿರುವಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದರು.

“ಗಿರಣಿ, ಕರೆಂಟ್ ಹೋದಾಗ್ಲಾದ್ರೂ ನಿಲ್ತಿತ್ತು ಕಣವ್ವ.”

ಈ ಕೋಣೆಯ ಮೇಲೆ ಅವರಿಗೆ ಈಗ ಯಾವ ಅಧಿಕಾರವೂ ಇಲ್ಲ. ಅದನ್ನು ಹೇಳಲು ಪಾಯಿಂಟುಗಳೂ ಸಿದ್ಧವಿದ್ದವು.

“ಕ್ಲಾಸು ಸಂಜೆಗೆ ಹಾಕ್ತೀನಿ, ಚಿಕ್ಕಪ್ಪ.”

“ಬ್ಯಾಡ. ನಿನ್ ಕೋಣೆ, ನಿನ್ ಇಷ್ಟ.”

“ನನ್ನಿಷ್ಟ ಅಂತಾನೇ ಹಾಕ್ತಿರೋದು. ಹೋಗಿ ಮಲ್ಕೊಳ್ಳಿ.”

ಬಂದ ಮಕ್ಕಳನ್ನು ಸಂಜೆ ಬನ್ನಿ ಎಂದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಗೊರಕೆ ಶುರುವಾಯಿತು. ಗಿರಣಿಗೇನೂ ಕಡಿಮೆಯಿರಲಿಲ್ಲ. ನಾನು ಆಕ್ಷೇಪಿಸಲಿಲ್ಲ.