ಶಾಂತಾ ಎಂದು ಒಂದೇ ಸಲ

ಇವತ್ತು ಬೆಳಿಗ್ಗೆ ಶಹಾಪುರದ ಶಾಲೆಯ ಗೇಟಿನ ಮುಂದೆ ಬೂಂದಿಯ ವಾಸನೆ ಬಂತು. ನಿಜಾಮನ ಆಳ್ವಿಕೆ ಮುಗಿದ ನೆನಪಿನ ವಿಮೋಚನಾ ದಿನದ ಬೂಂದಿ. ಆ ವಾಸನೆ ನನ್ನನ್ನು ಸುರಪುರದ ಆಯಿಯ ಹೊಸ್ತಿಲಿಗೆ ತಂದು ನಿಲ್ಲಿಸಿತು. ಆಯಿ ಅಂದರೆ ನಮ್ಮ ಅಜ್ಜಿ.

ನಮ್ಮ ಕಡೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೇ ಓ ಎನ್ನುವುದಿಲ್ಲ. ದೆವ್ವ ಒಂದೇ ಸಲ ಕರೆಯುತ್ತದಂತೆ, ಮನುಷ್ಯರಾದರೆ ಮತ್ತೆ ಕರೆಯುತ್ತಾರಂತೆ. ಆಯಿ ಇದರಲ್ಲಿ ಬಲು ಕಟ್ಟುನಿಟ್ಟು. ಆದರೆ ನಾವು ಶಾಲೆಯಲ್ಲಿ ವಿಮೋಚನೆಯ ಧ್ವಜ ಹಾರಿಸಿ ಬರುವ ಆ ಒಂದು ದಿನ ಮಾತ್ರ ಅವಳು ಬಾಗಿಲು ತೆರೆದಿಟ್ಟು ಕೂತು, ಯಾರೂ ಕರೆಯದಿದ್ದರೂ, "ಓ... ಬಾರೋ ಯಣ್ಣಾ, ಒಳಗ ಬಾ" ಅನ್ನುತ್ತಿದ್ದಳು. ಶಾಲೆಯಲ್ಲಿ ಕೊಟ್ಟ ಬೂಂದಿ ಹಿಡಿದುಕೊಂಡೇ ನಾನು ಹೊರಗೆ ಇಣುಕುತ್ತಿದ್ದೆ.

"ಅಲ್ಲಿ ಯಾರ ಅದಾರ ಆಯಿ?" ಎಂದು ಒಮ್ಮೆ ಕೇಳಿದೆ.

"ನಮ್ಮಣ್ಣ. ಗಲಾಟ್ಯಾಗ ಮನಿ ಬಿಟ್ಟು ಹೋದಾಂವ ತಿರುಗಿ ಬಂದಿದ್ದಿಲ್ಲ. ರಜಾಕಾರರ ಅಂಜಿಕಿಗಿ ಬಾಗಲಾ ಹಾಕ್ಕೊಂಡು ಕುಂತಿದ್ವಿ. ಝಂಡಾ ಏರಿದ ದಿನಾನೇ ಅಂವ ಹೊರಗ ನಿಂತು 'ಶಾಂತಾ' ಅಂದ. ಇನ್ನೊಮ್ಮೆ ಕರೀಲಿ ಅಂತ ನಮ್ಮವ್ವ ನನ್ನ ಬಾಯಿ ಮುಚ್ಚಿದಳು. ಅಂವ ಕರೀಲೇ ಇಲ್ಲ. ಬಾಗಲಾ ತೆಗದು ನೋಡಿದ್ರ ಯಾರೂ ಇದ್ದಿಲ್ಲ. ಬಂದಾಂವ ನಮ್ಮಣ್ಣನೋ, ಅವನ ದೆವ್ವೋ, ಇವತ್ತಿಗೂ ತಿಳಿದಿಲ್ಲ."

ಗುರುಗಳು ಅದನ್ನು ಬಿಡುಗಡೆಯ ದಿನ ಎಂದು ಕಲಿಸಿದ್ದರು. ಆಯಿಗೆ ಸಾಯುವ ತನಕ ಆ ದಿನದಿಂದ ಬಿಡುಗಡೆ ಸಿಗಲಿಲ್ಲ.

ಈ ಮಧ್ಯಾಹ್ನ ನನ್ನ ಮನೆಯ ಹೊರಗೆ ಯಾರೋ "ಶಾಂತಾ" ಎಂದು ಒಂದೇ ಸಲ ಕರೆದರು. ನಮ್ಮ ಓಣಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ನಾನು ಓ ಎಂದುಬಿಟ್ಟೆ.

ಇದನ್ನು ಬರೆಯುವಾಗಲೂ ಬಾಗಿಲು ತೆರೆದೇ ಇದೆ.